ಉಡಿ ತುಂಬಿದ ಕೈ

ಏಳನೆಯ ಕಂತು

"ಆ ಗಂಟಿಗೆ ಕೈ ಹಚ್ಚಬ್ಯಾಡ್ರಿ ಅಕ್ಕಾರ!"

ಹೊಸ್ತಿಲ ಹೊರಗೆ ನಿಂತಿದ್ದ ಪಕ್ಕೀರವ್ವ ಕೂಗಿದ ರಭಸಕ್ಕೆ ನನ್ನ ಕೈ ಅಲ್ಲೇ ನಿಂತಿತು. ಪಂಪಮ್ಮನ ಅಡಿಗೆಮನೆಯ ಮೂಲೆಯಲ್ಲಿ ಗೇಣುದ್ದದ ದೇವರ ಜಗಲಿ. ಅದರ ಮೇಲೆ ಫೋಟೊ, ಫೋಟೊದ ಹಿಂದೆ ಒಂದು ಹಸಿರು ಖಣ, ಒಂದು ಕೆಂಪು ಖಣ. ಎರಡನ್ನೂ ಗಂಟು ಕಟ್ಟಿ ಇಟ್ಟಿದ್ದರು.

ಕಾಶಿನಾಥ ಸಾಹೇಬರಿಗೆ ಅಷ್ಟೇ ಸಾಕಾಯಿತು. ಯಲಬುರ್ಗಾ ಠಾಣೆಗೆ ಪಿ.ಎಸ್.ಐ. ಆಗಿ ಬಂದು ಆರು ತಿಂಗಳಾಗಿಲ್ಲ, ವಯಸ್ಸು ಮೂವತ್ತು, ಅವಸರ ಮಾತ್ರ ಅರವತ್ತರದ್ದು.

"ನೋಡಿದ್ರೇನ್ರಿ ಹೇಮಾವತಿಯವರ? ಗಂಟಿನಾಗ ಏನೈತಂತ ಆಕಿಗೆ ಮೊದಲ ಗೊತ್ತೈತಿ."

"ಗೊತ್ತಿಲ್ರಿ ಸಾಹೇಬ್ರ," ಪಕ್ಕೀರವ್ವ ಅಳುತ್ತ ಹೇಳಿದಳು. "ಅದು ಉಡಿ ಗಂಟ್ರಿ. ದೇವರ ಮುಂದ ಇಟ್ಟದ್ದು. ಪೊಲೀಸ್ರು ಬಿಚ್ಚಬಾರದಂತ ಅಂದೆ, ಅಷ್ಟ."

"ನಾನು ಪೊಲೀಸ್ ಅನ್ನೋದಕ್ಕಿಂತ ಮೊದಲು ಹೆಂಗಸು," ಎಂದೆ. "ನಾ ಬಿಚ್ಚತೀನಿ. ಪಾಪ ಬಂದ್ರ ನನಗ ಬರ್ಲಿ."

ಬಾಯಲ್ಲಿ ಹೇಳಿದಷ್ಟು ಸುಲಭವಿರಲಿಲ್ಲ. ನನ್ನ ಬಲಗೈ ಮಣಿಕಟ್ಟಿನ ಪ್ಲಾಸ್ಟರ್ ಬಿಚ್ಚಿ ಎರಡು ವಾರವಾಗಿತ್ತು. ಬೆರಳು ಇನ್ನೂ ನನ್ನ ಮಾತು ಕೇಳುತ್ತಿರಲಿಲ್ಲ. ಐವತ್ತೊಂದು ವರ್ಷದ ಎ.ಎಸ್.ಐ. ಒಬ್ಬಳು ಖಣದ ಗಂಟನ್ನು ಹಲ್ಲಿನಿಂದ ಬಿಚ್ಚುವುದನ್ನು ಆ ಹುಡುಗ ಸಾಹೇಬ ನಿಂತು ನೋಡಿದ. ನೋಡಲಿ, ಅವನಿಗೂ ಒಂದು ದಿನ ಐವತ್ತಾಗುತ್ತದೆ.

ಮೂರು ದಿನದ ಹಿಂದೆ ಪಂಪಮ್ಮ ಇದೇ ನೆಲದ ಮೇಲೆ ಎಚ್ಚರ ತಪ್ಪಿ ಬಿದ್ದಿದ್ದಳು. ಕೊಪ್ಪಳದ ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿ, ಕ್ಯಾಲ್ಸಿಯಂ ಮಿತಿಮೀರಿ ಏರಿದೆ, ವಾರಕ್ಕೊಂದು ತಿನ್ನಬೇಕಾದ ಎಲುಬಿನ ಪುಡಿಯನ್ನು ಯಾರೋ ದಿನಾ ತಿನ್ನಿಸಿದ್ದಾರೆ ಅಂದಿದ್ದರು. ಯಲಬುರ್ಗಾ ತಾಲೂಕಿನ ಈ ಸಣ್ಣ ಹಳ್ಳಿ ಮಂಗಳೂರಿನಲ್ಲಿ ಪುಡಿ ಹಂಚುವವಳು ಅಂದರೆ ಆಶಾ ಕಾರ್ಯಕರ್ತೆ ಪಕ್ಕೀರವ್ವ ಒಬ್ಬಳೇ. ಸಾಹೇಬರ ಲೆಕ್ಕ ಅಲ್ಲಿಗೆ ಮುಗಿದಿತ್ತು. ಸಂಜೆ ಐದಕ್ಕೆ ಅವಳನ್ನು ಜೀಪು ಹತ್ತಿಸುವುದು ಅಂತ ಮುಂಜಾನೆಯೇ ತೀರ್ಮಾನ ಮಾಡಿದ್ದರು. ಈಗ ನಾಲ್ಕೂಕಾಲು. ನನಗಿದ್ದದ್ದು ಮುಕ್ಕಾಲು ತಾಸು.

ಇದು ನನ್ನ ಠಾಣೆಯ ಕೇಸಲ್ಲ. ನಾನು ಕೊಪ್ಪಳದವಳು, ಕೈ ಮುರಿದ ಮೇಲೆ ಕಾಗದ ಜೋಡಿಸುವ ಕೆಲಸಕ್ಕೆ ಕೂಡಿಸಿದ್ದರು. ರಜೆ ಹಾಕಿ, ಬೇಡಿಕೊಂಡು ಬಂದಿದ್ದೆ. ಯಾಕೆ ಬಂದೆ ಅಂತ ಸಾಹೇಬರು ಕೇಳಿದಾಗ, "ಪರಿಚಯದಾಕಿ" ಅಂದಿದ್ದೆ. ಸುಳ್ಳು. ಪಂಪಮ್ಮ ನನಗಿದ್ದ ಒಬ್ಬಳೇ ಗೆಳತಿ.

ಎಲುಬಿನ ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಆದ ಗೆಳೆತನ ಅದು. ನಾನು ಬಸ್ಸಿಳಿಯುವಾಗ ಬಿದ್ದಿದ್ದೆ. ಅವಳು ಯಲಬುರ್ಗಾದ ಹಾಸ್ಟೆಲಿನಲ್ಲಿ ಅಡಿಗೆ ಮಾಡುವವಳು, ಸಾರಿನ ಪಾತ್ರೆ ಇಳಿಸುವಾಗ ಕಾಲು ಜಾರಿ ಕೈಯೂರಿದ್ದಳು. ಇಬ್ಬರಿಗೂ ಬಲಗೈ, ಇಬ್ಬರಿಗೂ ಒಂದೇ ಕಡೆ. ಡಾಕ್ಟರು ಇಬ್ಬರನ್ನೂ ಒಟ್ಟಿಗೇ ಕೂಡಿಸಿಕೊಂಡು ಬೈದಿದ್ದರು.

"ಮುಟ್ಟು ನಿಂತ ಮ್ಯಾಲೆ ಎಲುಬು ಒಳಗಿಂದ ಸವೀತಾವ್ರಿ. ನೋವಿಲ್ಲ, ಬ್ಯಾನಿಯಿಲ್ಲ, ಮುರದಾಗನ ಗೊತ್ತಾಗೋದು. ಎಳ್ಳು, ರಾಗಿ, ಮೊಸರು ತಿನ್ರಿ. ಬಿಸಿಲಾಗ ನಡೀರಿ. ಗುಳಿಗಿ ದಿನಕ್ಕೊಂದು, ಪುಡಿ ವಾರಕ್ಕೊಂದು, ಎಂಟೇ ವಾರ. ಹೆಚ್ಚು ತಿಂದ್ರ ಎಲುಬೇನು ಕಬ್ಬಿಣ ಆಗಂಗಿಲ್ಲ, ಮೂತ್ರಪಿಂಡ ಹಾಳಾಗತೈತಿ."

ಹೊರಗೆ ಬಂದು ಪಂಪಮ್ಮ ನಕ್ಕಿದ್ದಳು. "ಹಾಸ್ಟೆಲ್ ಹುಡುಗ್ರಿಗೆ ಇಪ್ಪತ್ತು ವರ್ಷ ಹಾಲು ಕಾಸಿ ಕೊಟ್ಟೆ ಹೇಮಕ್ಕಾ. ನನ್ನ ಎಲುಬಿಗೆ ಒಂದು ಹನಿ ಹೋಗ್ಲಿಲ್ಲ ನೋಡು."

ಅವಳಿಗೆ ಸೋಮವಾರದ ಉಪವಾಸ. ಮರೆಯಬಾರದೆಂದು ಇಬ್ಬರೂ ಸೋಮವಾರವೇ ಪುಡಿ ತಿನ್ನುವುದೆಂದು ಮಾತಾಯಿತು. ಸಂಜೆ ಏಳಕ್ಕೆ ಅವಳ ಫೋನು ಬರುತ್ತಿತ್ತು. "ಪುಡಿ ತಗೊಂಡೇನಬೇ?" ಅಷ್ಟೇ ಪ್ರಶ್ನೆ. ಆಮೇಲೆ ಅರ್ಧ ತಾಸು ಏನೇನೋ ಮಾತು. ನನ್ನ ಕ್ವಾರ್ಟರ್ಸಿನಲ್ಲಿ ಠಾಣೆಯ ಕೆಲಸಕ್ಕಲ್ಲದೆ ಫೋನು ರಿಂಗಾಗುತ್ತಿದ್ದದ್ದು ವಾರಕ್ಕೆ ಅದೊಂದೇ ಸಲ. ಮೊನ್ನೆ ಸೋಮವಾರ ಅದೂ ಆಗಲಿಲ್ಲ.

ಗಂಟು ಬಿಚ್ಚಿತು.

ಹಸಿರು ಖಣದೊಳಗೆ ಅರಿಷಿಣದ ಕೊಂಬು, ಒಣಗಿದ ಎಲೆ, ಐದು ಅಡಿಕೆ, ಐದು ಉತ್ತತ್ತಿ. ಅವುಗಳ ನಡುವೆ ನಾಲ್ಕು ಮಡಿಕೆ ಮಾಡಿ ಜೋಡಿಸಿದ ಹಳದಿ ಪಾಕೀಟುಗಳು. ಎಲ್ಲವೂ ಖಾಲಿ. ಎಣಿಸಿದೆ, ಇಪ್ಪತ್ತೊಂದು. ಕೆಂಪು ಖಣದಲ್ಲಿ ಮತ್ತೆ ಇಪ್ಪತ್ತೊಂದು.

ನಲವತ್ತೆರಡು ದಿನ, ದಿನಕ್ಕೊಂದು!

"ಹಳದಿ ಪಾಕೀಟು!" ಸಾಹೇಬರು ಹೆಚ್ಚುಕಡಿಮೆ ಕುಣಿದರು. "ಎರಡು ತಿಂಗಳ ಹಿಂದ ಸಾಲ್ಯಾಗ ಎಲುಬಿನ ಕ್ಯಾಂಪ್ ಆತಲ್ಲ, ಅಲ್ಲಿ ಹಂಚಿದ್ದು ಇದ ಪುಡಿ. ಹಂಚಿದಾಕಿ ಯಾರು? ಈಕಿ!"

"ನಾನ ಹಂಚೀನ್ರಿ," ಪಕ್ಕೀರವ್ವ ಹೇಳಿದಳು. "ಒಬ್ಬೊಬ್ಬರಿಗೆ ನಾಕು. ವಾರಕ್ಕೊಂದು ಅಂತ ಕೈಮುಗದು ಹೇಳೀನಿ. ಪಂಪಕ್ಕಗ ಒಂದೂ ಕೊಟ್ಟಿಲ್ರಿ, ಆಕಿಗೆ ಆಗಲೇ ಡಾಕ್ಟರು ಬರದುಕೊಟ್ಟಿದ್ರು."

"ಸಾಕ್ಷಿ?"

ಪಕ್ಕೀರವ್ವ ಬೀದಿಯತ್ತ ತಿರುಗಿ ನೋಡಿದಳು. ಗಂಡ ತೀರಿಕೊಂಡ ಮೇಲೆ ಆರು ವರ್ಷದಿಂದ ಇದೇ ಗುಲಾಬಿ ಸೀರೆಯಲ್ಲಿ ಊರಿನ ಬಾಣಂತಿಯರನ್ನೆಲ್ಲ ಕಾಯ್ದವಳು. ಪಂಪಮ್ಮ ಬಿದ್ದದ್ದನ್ನು ನೋಡಿ ಹೊತ್ತು ತಂದು ಅಂಬುಲೆನ್ಸಿಗೆ ಹಾಕಿದವಳೂ ಇವಳೇ. ಇವತ್ತು ಬೀದಿಯ ಒಂದು ಬಾಗಿಲೂ ಅವಳ ಪರವಾಗಿ ತೆರೆಯಲಿಲ್ಲ. ಜೀಪು ಹತ್ತಿದರೆ ಆ ಸೀರೆ ಹೋಯಿತು, ಆ ಹೆಸರು ಹೋಯಿತು.

ನಾನು ಗೋಡೆಯ ಮೊಳೆಯಲ್ಲಿದ್ದ, ಖಾಲಿ ಪಾಕೀಟು ಚುಚ್ಚಿಟ್ಟ ತಂತಿಯನ್ನು ತೆಗೆದು ಸಾಹೇಬರ ಮುಂದೆ ಹಿಡಿದೆ. ಹಾಸ್ಟೆಲಿನ ಅಡಿಗೆಯವರು ಖಾಲಿ ಪಾಕೀಟು ಎಸೆಯುವುದಿಲ್ಲ. ಎಣ್ಣೆಯದಾಗಲಿ, ಖಾರದ್ದಾಗಲಿ, ತಿಂಗಳ ಕೊನೆಗೆ ವಾರ್ಡನ್ನರಿಗೆ ತೋರಿಸಲೇಬೇಕು. ಇಪ್ಪತ್ತು ವರ್ಷದ ಆ ರೂಢಿಯನ್ನು ಪಂಪಮ್ಮ ಮನೆಗೂ ತಂದಿದ್ದಳು. ತಂತಿಯಲ್ಲಿ ಡಾಕ್ಟರು ಬರೆದುಕೊಟ್ಟ ಪುಡಿಯ ಖಾಲಿ ಬಿಳಿ ಪಾಕೀಟು, ಏಳು. ಗೂಡಿನಲ್ಲಿ ತುಂಬಿದ್ದು ಒಂದು. ಎಂಟು ಸೋಮವಾರ, ಲೆಕ್ಕ ಸರಿ.

"ಔಷಧಿ ಅಂತ ತಿಂದದ್ದು ತಂತಿಗೆ ಹೋಗೈತಿ," ಎಂದೆ. "ಹಳದಿ ಪಾಕೀಟು ತಂತಿಗೆ ಯಾಕ ಹೋಗಿಲ್ಲ ಸಾಹೇಬ್ರ?"

"ಯಾಕ?"

"ಅದನ್ನ ಆಕಿ ಔಷಧಿ ಅಂತ ತಿಂದಿಲ್ಲ. ಉಡಿಗೆ ಬಿದ್ದದ್ದು ಅಂತ ತಿಂದಾಳ. ಉಡಿಯಾಗಿಂದು ಬ್ಯಾರೆಯವ್ರಿಗೆ ಕೊಡಂಗಿಲ್ಲ, ಕೆಡಿಸಂಗಿಲ್ಲ. ಮನ್ಯಾಗನ ತಿಂದು ಮುಗಿಸಬೇಕು. ನಿಮ್ಮವ್ವನ್ನ ಕೇಳ್ರಿ ಬೇಕಾದ್ರ."

ಸಾಹೇಬರು ತಲೆ ಕೆರೆದುಕೊಂಡರು. "ಎರಡೂ ಒಂದ ಔಷಧಿ ಅಂತ ಆಕಿಗೆ ಗೊತ್ತಾಗ್ಲಿಲ್ಲೇನು?"

"ಹೆಸರು ಇಂಗ್ಲಿಷಿನ್ಯಾಗ ಐತಿ, ಇರುವಿ ಕಾಲಿನಷ್ಟು ಅಕ್ಷರ. ಒಂದು ಬಿಳೇದು, ಒಂದು ಹಳದಿ. ಆಕಿಗೆ ಕನ್ನಡಾನ ತಡವರಿಸಿ ಓದಾಕ ಬರ್ತದ."

"ಸರಿ, ಉಡಿಯಾಗ ಹಾಕಿ ಕೊಟ್ಟಾಕಿ ಇವಳ ಯಾಕಾಗಿರಬಾರದು?"

ಸಿಟ್ಟು ಬಂತು. ಇವರಿಗೆಲ್ಲ ಪರೀಕ್ಷೆಗೆ ಏನೇನೋ ಓದಿಸುತ್ತಾರೆ, ಮನೆಯ ಹೆಂಗಸರು ಏನು ಮಾಡುತ್ತಾರೆಂದು ಒಂದು ಪಾಠ ಇಡುವುದಿಲ್ಲ.

"ಸಾಹೇಬ್ರ, ಪಕ್ಕೀರವ್ವ ಮುಂಜಾನಿಂದ ಹೊಸ್ತಿಲ ದಾಟಿಲ್ಲ, ನೋಡಿದ್ರೇನು? ಒಳಗ ದೇವರ ಮುಂದ ಉಡಿ ಐತಿ ಅಂತ. ಗಂಡ ಸತ್ತಾಕಿ. ಉಡಿ ತುಂಬೋದು ದೂರದ ಮಾತು, ತುಂಬುವಾಗ ಎದುರಿಗೆ ಬಂದ್ರ ಮಂದಿ ಮುಖ ಮುರೀತಾರ. ಅದು ಸರಿಯಲ್ಲ, ನನಗೂ ಸಿಟ್ಟೈತಿ. ಆದ್ರ ಈ ಗಂಟು ಕಟ್ಟಿದ ಕೈ ಮುತ್ತೈದಿಯದು. ಅಷ್ಟಂತೂ ಖರೆ."

ಹೊರಗೆ ಪಕ್ಕೀರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳನ್ನು ಉಳಿಸಬಹುದಾದ ಮಾತು ಅದೇ ಆಗಿತ್ತು. ಅವಳನ್ನು ನೋಯಿಸಿದ್ದೂ ಅದೇ.

ಸಾಹೇಬರು ಗಡಿಯಾರ ನೋಡಿದರು. "ಹಂಗಾದ್ರ ಊರಾಗಿನ ಯಾವ ಮುತ್ತೈದಿ?"

"ಯಾರೂ ಅಲ್ರಿ," ಪಕ್ಕೀರವ್ವ ಸೆರಗಿನೊಳಗಿಂದಲೇ ಹೇಳಿದಳು. "ಪಂಪಕ್ಕನ ಉಡಿ ಈ ಊರಾಗ ಯಾರೂ ತುಂಬಂಗಿಲ್ರಿ. ಆಕಿ ಗಂಡ ಆದೆಪ್ಪ ಕೊಪ್ಪಳ ಜಿಲ್ಲೆ ಆದ ವರ್ಷ ಮನಿ ಬಿಟ್ಟು ಹೋದಾಂವ. ಇದ್ದಾನೋ ಸತ್ತಾನೋ ಯಾರಿಗೂ ಗೊತ್ತಿಲ್ಲ. ಈಕಿ ತಾಳಿ ತಗದಿಲ್ಲ, ಮಂದಿ ಈಕಿನ್ನ ಮುತ್ತೈದಿ ಅಂತ ಕರದಿಲ್ಲ. ಹದಿನೇಳು ವರ್ಷ ಆತು."

ತೊಂಬತ್ತೇಳರಿಂದ ಎರಡು ಸಾವಿರದ ಹದಿನಾಲ್ಕರವರೆಗೆ. ನನಗೆ ಆ ಲೆಕ್ಕ ಬಾಯಿಪಾಠ. ನನ್ನ ಗಂಡನೂ ಬಳ್ಳಾರಿಯಲ್ಲಿ ಬೇರೆ ಸಂಸಾರ ಮಾಡಿಕೊಂಡು ಹೆಚ್ಚುಕಡಿಮೆ ಅಷ್ಟೇ ವರ್ಷ. ನನ್ನ ಕೊರಳಲ್ಲೂ ತಾಳಿ ಇದೆ. ನನ್ನ ಉಡಿಯಲ್ಲೂ ಏನೂ ಬಿದ್ದಿಲ್ಲ.

ಆಗ ನೆನಪಾಯಿತು. ನೆನಪಾಗಬಾರದಿತ್ತು ಅನ್ನಿಸುವಷ್ಟು ನೆನಪಾಯಿತು.

ಆರು ವಾರದ ಹಿಂದಿನ ಸೋಮವಾರ. ಫೋನಿನಲ್ಲಿ ಪಂಪಮ್ಮನ ದನಿ ಹಿಗ್ಗಿ ಹೀರೆಕಾಯಿಯಾಗಿತ್ತು. "ಹೇಮಕ್ಕಾ, ಶುಕ್ರವಾರ ನನ್ನ ತಂಗಿ ಬಂದಿದ್ಲು! ಉಡಿ ತುಂಬಿ ಹೋದ್ಲು. ಶಕ್ತಿ ಬರ್ಲಿ ಅಂತ ಏನೇನೋ ತಂದಿದ್ಲು." ಹೊಟ್ಟೆಕಿಚ್ಚಾಯಿತು ನನಗೆ. ಹೌದು, ಬರೀ ಹೊಟ್ಟೆಕಿಚ್ಚು. ಅವಳಿಗೆ ಒಬ್ಬಳು ಸಿಕ್ಕಳು, ನನಗೆ ಯಾರೂ ಇಲ್ಲ ಅಂತ. "ಛಲೋ ಆತು ಬಿಡು, ನನಗ ಕೆಲಸೈತಿ" ಎಂದು ಫೋನಿಟ್ಟಿದ್ದೆ.

ಬೆಂಚಿನ ಮೇಲೆ ಕೂತ ಮೊದಲ ದಿನವೇ ಅವಳು ಹೇಳಿದ್ದಳು: ನನ್ನವ್ವಗ ನಾನೊಬ್ಬಾಕಿನ, ಹಿಂದಿಲ್ಲ ಮುಂದಿಲ್ಲ. ಇಪ್ಪತ್ತೆಂಟು ವರ್ಷ ಪೊಲೀಸ್ ಕೆಲಸ ಮಾಡಿದವಳು, ಇಲ್ಲದ ತಂಗಿ ಎಲ್ಲಿಂದ ಬಂದಳು ಅಂತ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಪಂಪಮ್ಮ ಇವತ್ತು ಇಲ್ಲೇ ಒಲೆ ಮುಂದೆ ಇರುತ್ತಿದ್ದಳು. ತಪ್ಪು ನನ್ನದೇ.

"ಪಕ್ಕೀರವ್ವ," ನಾನು ಹೊಸ್ತಿಲಿಗೆ ಬಂದೆ. "ಕ್ಯಾಂಪಿನಾಗ ಉಳಿದ ಪುಡಿ ಏನಾತು?"

"ಡಬ್ಬಿಗಟ್ಟಲೆ ಉಳಿದಿತ್ರಿ. ಕಂಪನಿ ಕಡಿಂದ ಒಬ್ಬಾಕಿ ಬಂದಿದ್ಲಲ್ಲ, ಹಿಮ್ಮಡ ಮಷೀನಿನಾಗ ಇಡಿಸಿ ಎಲುಬು ಪರೀಕ್ಷಾ ಮಾಡಿ ಹೆಸರು ಬರಕೊಂಡಾಕಿ, ಆಕಿನ ಒಯ್ದಳು."

"ಎಂಥಾಕಿ?"

"ನಲವತ್ತರ ಮ್ಯಾಲ್ರಿ. ಕೈತುಂಬ ಹಸಿರು ಬಳಿ. ಗಂಗಾವತಿ ಕಡಿಯಾಕಿ. ಆ ಕಾಲುವಿ ಸೀಮಿಯವ್ರ ಮಾತಿನಾಗ ತೆಲುಗು ಬೆರಕಿ ಇರ್ತದಲ್ರಿ, ಹಂಗ. ಏನು ಕೇಳಿದ್ರೂ ಹೌದ್ರಿ ಅನ್ನಾಕ 'ಅವುನ್ರಿ, ಅವುನ್ರಿ' ಅಂತಿದ್ಲು. ಹೆಣ್ಮಕ್ಕಳು ಭಾಳ ನಕ್ಕಿದ್ರು."

"ಪಂಪಮ್ಮನ ಜೋಡಿ ಏನಾರ ಮಾತಾಡಿದ್ಲೇನು?"

ಪಕ್ಕೀರವ್ವ ಸೆರಗು ಇಳಿಸಿದಳು. ಕಣ್ಣು ದೊಡ್ಡದಾಗಿತ್ತು.

"ಗಂಡನ ಹೆಸರು ಕೇಳಿದ್ಲ್ರಿ. ಪಂಪಕ್ಕ ಗಂಡನ ಹೆಸರು ಬಾಯಿಲೆ ಹೇಳಂಗಿಲ್ಲ, ಅದಕ್ಕ ನಾನ ಹೇಳಿದೆ. ಆದೆಪ್ಪ, ಮಂಗಳೂರು ಅಂತ. ಆಕಿ ಪೆನ್ನು ನಿಂತ್ಬಿಡ್ತು. ಯಾವ ಆದೆಪ್ಪ, ಎಡಗೈ ಮ್ಯಾಲೆ ನಾಗರಹೆಡಿ ಹಚ್ಚಿ ಹಾಕಿಸ್ಯಾನೇನು ಅಂತ ಕೇಳಿದ್ಲು. ಪಂಪಕ್ಕ ಹೌದಂದ್ಲು. ಆಮ್ಯಾಲೆ ಆಕಿ ಭಾಳೊತ್ತನಕ ಪಂಪಕ್ಕನ ಮಾರಿನ ನೋಡಿದ್ಲ್ರಿ."

ಸಾಹೇಬರು ಈಗ ಕುಣಿಯಲಿಲ್ಲ. ಗೋಡೆಗೆ ಒರಗಿ ನಿಂತರು. "ಅಂದ್ರ ಆದೆಪ್ಪ ಬದುಕ್ಯಾನ. ಈಕಿ ಆತನ..."

"ಎರಡನೇ ಹೆಂಡ್ತಿ," ಎಂದೆ. "ಆದೆಪ್ಪ ಬದುಕಿರೋದು ಗೊತ್ತಿರೋ ಒಬ್ಬಾಕಿನ ಪಂಪಮ್ಮನ್ನ ಮುತ್ತೈದಿ ಅಂತ ನಂಬಿ ಉಡಿ ತುಂಬಬಹುದು."

"ಕೊಲ್ಲಾಕ ತುಂಬಿದ್ಲೋ, ಕರುಣಾ ಬಂದು ತುಂಬಿದ್ಲೋ?"

"ಅದನ್ನ ಆಕಿನ್ನ ಹಿಡಿದು ಕೇಳೋಣ. ಈಗ ಪಕ್ಕೀರವ್ವನ್ನ ಬಿಡ್ರಿ."

"ಹ್ಯಾಂಗ ಬಿಡ್ಲಿ?" ಅವರ ದನಿ ಮೊದಲ ಸಲ ಮೆತ್ತಗಾಗಿತ್ತು. "ನೀವು ಹೇಳಿದ್ದೆಲ್ಲ ನನಗ ಒಪ್ಪಿಗಿ ಐತ್ರಿ. ಮ್ಯಾಲಿನವ್ರ ಮುಂದ ಉಡಿ ಕಥಿ ಹೇಳಾಕ ಬರ್ತದೇನು? ಪಂಪಮ್ಮನ ಬಾಯಿಲೆ ಒಂದು ಮಾತು ಬರ್ಲಿ, ಉಡಿ ಇಂಥಾಕಿ ತುಂಬಿದ್ಲು ಅಂತ. ಪಕ್ಕೀರವ್ವ ಈಗಿಂದೀಗ ಮನಿಗೆ ಹೋಗ್ಲಿ."

ಗಂಟೆ ನಾಲ್ಕು ಐವತ್ತು. ಆಸ್ಪತ್ರೆಯ ವಾರ್ಡಿನ ಆಯಾ ಕಾಸೀಮಬೀಗೆ ಫೋನು ಹಚ್ಚಿದೆ.

"ಛಲೋ ಸುದ್ದಿ ಐತ್ರಿ ಬಾಯಾರ!" ಕಾಸೀಮಬೀ ನಗುತ್ತಿದ್ದಳು. "ಕಣ್ಣು ತೆರದಾಳ್ರಿ, ಮಾತೂ ಆಡಾಕತ್ಯಾಳ. ಪಾಪ, ಆಕಿ ತಂಗಿ ಬಂದಾಳ. ಮಧ್ಯಾಹ್ನದಿಂದ ಬಾಜೂಕ ಕುಂತು ಚಮಚಾದಿಂದ ಹಾಲು ಕುಡಸಾಕತ್ಯಾಳ."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಹಾಲು ಬ್ಯಾಡಂತ ಡಾಕ್ಟರು ಹೇಳಿದ್ದು ಗೊತ್ತಿಲ್ಲೇನು? ಲೋಟ ಕಸಗೋ! ಮೊದಲು ಕಸಗೋ!"

ಚಪ್ಪಲಿಯ ಸದ್ದು, ಕಾಸೀಮಬೀಯ ಗೊಣಗಾಟ, ಯಾರೋ ಮೆಲ್ಲಗೆ ಏನೋ ಹೇಳಿದ್ದು. ಆಮೇಲೆ ಬೇರೆ ದನಿ.

"ಹಲೋ... ಹೇಮಕ್ಕಾರೇನ್ರಿ? ಕಾಸೀಮಬೀನ್ನ ಬಿಸಿನೀರಿಗೆ ಕಳಿಸೀನ್ರಿ."

"ನೀನು ಕ್ಯಾಂಪಿಗೆ ಬಂದಿದ್ದಾಕಿ ಏನು?"

"ಅವುನ್ರಿ."

ಒಂದಿಷ್ಟೂ ಹೆದರಿಕೆಯಿಲ್ಲ. ಬೆವೆತದ್ದು ನಾನು.

"ಪಂಪಕ್ಕ ನಿಮ್ಮ ಸುದ್ದೀನ ಹೇಳ್ತಿರ್ತಾಳ್ರಿ," ಆ ದನಿ ಮುಂದುವರಿಯಿತು. "ನಿಮ್ಮ ಉಡೀನೂ ಯಾರೂ ತುಂಬಂಗಿಲ್ಲಂತಲ್ರಿ ಅಕ್ಕಾ."

ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಗಳಿಗೆ ನನ್ನ ಕಣ್ಣು ತುಂಬಿತು. ಯಾರೋ ಕೇಳಿದರಲ್ಲ ಅಂತ.

"ಪಂಪಮ್ಮಗ ಫೋನು ಕೊಡು," ಎಂದೆ.

"ಹೇಮಕ್ಕಾ." ಪಂಪಮ್ಮನ ದನಿ ಬಾವಿಯೊಳಗಿಂದ ಬಂದಂತಿತ್ತು. "ಆಕಿಗೆ ಬೈಬ್ಯಾಡ."

"ಆಕಿ ಯಾರಂತ ಗೊತ್ತೈತೇನ ನಿನಗ?"

"ಗೊತ್ತೈತಿ. ಮೊದಲನೇ ಶುಕ್ರವಾರನ ಗೊತ್ತಾತು. ಆಕಿ ಕೊಳ್ಳಾಗ ನಮ್ಮ ಅತ್ತಿ ಮನಿತನದ ತಾಳಿ ಐತಿ, ನನ್ನದರಂಗನ."

"ಗೊತ್ತಿದ್ದೂ ಆಕಿ ಕೊಟ್ಟದ್ದು ತಿಂದ್ಯಾ?"

ಆ ಕಡೆ ಮಂಚ ಕಿರುಗುಟ್ಟಿತು.

"ಹದಿನೇಳು ವರ್ಷ ಆಗಿತ್ತಲ್ಲಬೇ, ನನ್ನ ಉಡಿಯಾಗ ಒಂದು ಕಾಳು ಅಕ್ಕಿ ಬಿದ್ದು. ಅಕ್ಕಾ ಅಂತ ಕರದು ಕಾಲಿಗೆ ಬಿದ್ಲು. ನಿಂಗ ಗೊತ್ತಾಗತೈತಿ. ಬ್ಯಾರೆ ಯಾರಿಗೂ ಗೊತ್ತಾಗಂಗಿಲ್ಲ." ಒಮ್ಮೆ ಕೆಮ್ಮಿದಳು. "ಸಾಹೇಬ್ರು ಅದಾರಲ್ಲ? ಫೋನು ಅವರಿಗೆ ಕೊಡು."

ಕೊಡುವ ಮನಸ್ಸಿರಲಿಲ್ಲ. ಸಾಹೇಬರೇ ಕೈಚಾಚಿ ತೆಗೆದುಕೊಂಡರು. ಎಲ್ಲರಿಗೂ ಕೇಳಿಸಲೆಂದು ಸ್ಪೀಕರ್ ಹಾಕಿ ಜಗಲಿಯ ಮೇಲಿಟ್ಟರು.

"ಹೇಳವ್ವ. ಪುಡಿ ಯಾರು ಕೊಟ್ರು?"

"ಬರಕೋರಿ ಸಾಹೇಬ್ರ." ಪಂಪಮ್ಮ ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ಪುಡಿ ಕೊಟ್ಟಾಕಿ ಆಶಾ ಪಕ್ಕೀರವ್ವ. ದಿನಾ ಒಂದು ತಗೋ ಅಂತ ಹೇಳಿದಾಕೀನೂ ಆಕಿನ. ಖಣದಾಗ ನಾನ ಕಟ್ಟಿ ಇಟ್ಕೊಂಡಿದ್ದೆ. ಬ್ಯಾರೆ ಯಾರೂ ನಮ್ಮ ಮನಿಗೆ ಬಂದಿಲ್ಲ."

"ಪಂಪಿ!" ನಾನು ಚೀರಿದೆ.

ಸಾಹೇಬರು ನನ್ನ ಮುಖ ನೋಡಲಿಲ್ಲ. ಟೊಪ್ಪಿಗೆ ಎತ್ತಿಕೊಂಡು ತಲೆಗಿಟ್ಟರು. "ಜೀಪು ಹತ್ತವ್ವ," ಎಂದರು.

ಪಕ್ಕೀರವ್ವ ಹೆಗಲ ಮೇಲಿನ ಔಷಧದ ಚೀಲ ತೆಗೆದು ಹೊಸ್ತಿಲ ಪಕ್ಕ ಇಟ್ಟಳು. ಅಳು ನಿಂತಿತ್ತು.

"ಅಕ್ಕಾರ," ಎಂದಳು. "ಪಂಪಕ್ಕ ಮಾತಾಡಿದ್ಲಲ್ರಿ. ಇನ್ನ ಜೀವಕ್ಕೇನೂ ಆಗಂಗಿಲ್ಲ ಹೌದಲ್ರಿ?"

ಜಗಲಿಯ ಮೇಲಿದ್ದ ಫೋನು ಇನ್ನೂ ಕಟ್ಟಾಗಿರಲಿಲ್ಲ. ಆ ಕಡೆ ಲೋಟದೊಳಗೆ ಚಮಚ ತಿರುಗುವ ಸದ್ದು ಕೇಳಿಸುತ್ತಿತ್ತು.